ಆಯುಧದ ಸುದ್ದಿ: ಎಣಿಸಿದವರು ಯಾರು?

(ಅಭ್ಯಾಸ ಮಂಡಲದ ಸಭೆಯಲ್ಲಿ ಮಾಡಿದ ಭಾಷಣ)



ಪತ್ರಿಕೆಯಲ್ಲಿ ತೊಗರಿಬೇಳೆಯ ಧಾರಣೆ ತಪ್ಪಾಗಿ ಅಚ್ಚಾದರೆ ಮರುದಿನ ಬೆಳಿಗ್ಗೆ ಪೇಟೆಯಲ್ಲಿ ಆ ತಪ್ಪು ಬಯಲಾಗುತ್ತದೆ. ಆದರೆ ಒಂದು ಕ್ಷಿಪಣಿಯ ವಿಷಯದಲ್ಲಿ ಪತ್ರಿಕೆ ಏನು ಬರೆದರೂ ಅದನ್ನು ತಕ್ಕಡಿಗೆ ಹಾಕಿ ನೋಡುವ ಅವಕಾಶ ನಮಗಿಲ್ಲ. ತಯಾರಿಸಿದ ಕಂಪನಿ ಹೇಳಿದ್ದೇ ಗುಣ, ಸೇನೆ ಹೇಳಿದ್ದೇ ಲೆಕ್ಕ. ಹಣ ಮಾತ್ರ ತೆರಿಗೆ ಕೊಡುವ ಜನರದು. ಆದ್ದರಿಂದ ಇಂಥ ಸುದ್ದಿಯನ್ನು ಹೇಗೆ ಓದಬೇಕು ಎಂಬುದು ಗಿರಣಿಯಲ್ಲಿ ದುಡಿಯುವವನಿಗೂ ಅಂಗಡಿ ಇಟ್ಟವನಿಗೂ ಸಂಬಂಧಪಟ್ಟ ಪ್ರಶ್ನೆಯೇ ಆಗಿದೆ. ಇದಕ್ಕೆ ಒಂದೇ ಉದಾಹರಣೆಯನ್ನು ನಿಮ್ಮ ಮುಂದಿಡುತ್ತೇನೆ. ಅದು 1991ರ ಕೊಲ್ಲಿ ಯುದ್ಧದ ಪೇಟ್ರಿಯಟ್ ಕ್ಷಿಪಣಿಯ ಕಥೆ.

ಆ ವರ್ಷದ ಜನವರಿಯಲ್ಲಿ ಅಮೆರಿಕ ಮತ್ತು ಅದರ ಮಿತ್ರರಾಷ್ಟ್ರಗಳು ಇರಾಕಿನ ಮೇಲೆ ಯುದ್ಧಕ್ಕಿಳಿದವು. ಇರಾಕ್ ಸೌದಿ ಅರೇಬಿಯಾದ ಮೇಲೂ ಇಸ್ರೇಲಿನ ಮೇಲೂ ಸ್ಕಡ್ ಕ್ಷಿಪಣಿಗಳನ್ನು ಎಸೆಯಿತು. ಅವನ್ನು ಆಕಾಶದಲ್ಲೇ ಹೊಡೆದುರುಳಿಸಲು ಅಮೆರಿಕ ನಿಲ್ಲಿಸಿದ್ದು ಪೇಟ್ರಿಯಟ್. ಮೊದಲು ಇದನ್ನು ರೂಪಿಸಿದ್ದು ವಿಮಾನಗಳನ್ನು ಹೊಡೆಯಲು; ಕ್ಷಿಪಣಿಗಳನ್ನೂ ಹೊಡೆಯುವಂತೆ ಆಮೇಲೆ ತಿದ್ದಲಾಗಿತ್ತು. ರಾತ್ರಿಯ ಕತ್ತಲಲ್ಲಿ ಒಂದು ಬೆಂಕಿಯ ಗೆರೆ ಮೇಲೇರುತ್ತದೆ, ಫಳಾರನೆ ಬೆಳಕು ಹೊಡೆಯುತ್ತದೆ. ಜಗತ್ತೆಲ್ಲ ಇದನ್ನು ಟೆಲಿವಿಷನ್ನಿನಲ್ಲಿ ನೋಡಿತು. ಶತ್ರುವಿನ ಕ್ಷಿಪಣಿ ನಾಶವಾಯಿತೆಂದು ಪತ್ರಿಕೆಗಳು ಬರೆದವು. ಫೆಬ್ರವರಿ 15ರಂದು ಅಧ್ಯಕ್ಷ ಬುಷ್ ಅವರು ಮ್ಯಾಸಚೂಸೆಟ್ಸ್‌ನ ಆಂಡೋವರಿನಲ್ಲಿ, ಪೇಟ್ರಿಯಟ್ ತಯಾರಿಸುವ ರೇಥಿಯಾನ್ ಕಾರ್ಖಾನೆಗೆ ಹೋಗಿ, 42 ಸ್ಕಡ್‌ಗಳಲ್ಲಿ 41ನ್ನು ತಡೆದೆವೆಂದು ಕಾರ್ಮಿಕರ ಮುಂದೆ ಸಾರಿದರು.

ಹತ್ತೇ ದಿನ ಕಳೆಯಿತು. ಫೆಬ್ರವರಿ 25ರ ರಾತ್ರಿ ಸೌದಿ ಅರೇಬಿಯಾದ ದಹ್ರಾನಿನಲ್ಲಿ ಅಮೆರಿಕದ ಸೈನಿಕರು ತಂಗಿದ್ದ ಕಟ್ಟಡಕ್ಕೆ ಒಂದು ಸ್ಕಡ್ ಬಡಿಯಿತು. 28 ಮಂದಿ ಸತ್ತರು. ಕಾವಲಿಗಿದ್ದ ಪೇಟ್ರಿಯಟ್ ಹಾರಲೇ ಇಲ್ಲ.

ಏಕೆ ಹಾರಲಿಲ್ಲ? ಅದರ ಕಂಪ್ಯೂಟರು ಕಾಲವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಂತೆ ಎಣಿಸುತ್ತಿತ್ತು. ಒಂದನ್ನು ಮೂರರಿಂದ ಭಾಗಿಸಿದರೆ 0.333 ಎಂದು ಮುಗಿಯದೆ ಹೋಗುವುದಿಲ್ಲವೆ, ಹಾಗೆಯೇ ಕಂಪ್ಯೂಟರಿನ ಎರಡರ ಲೆಕ್ಕದಲ್ಲಿ ಹತ್ತನೆಯ ಒಂದು ಭಾಗವೂ ಮುಗಿಯುವುದಿಲ್ಲ. ಎಲ್ಲೋ ಒಂದು ಕಡೆ ಬಾಲ ಕತ್ತರಿಸಬೇಕು. ಗಜಕೋಲು ಕೂದಲೆಳೆಯಷ್ಟು ಗಿಡ್ಡವಾಗಿದ್ದರೆ ಒಂದು ಗಜದಲ್ಲಿ ಕಾಣದು, ಸಾವಿರ ಗಜದಲ್ಲಿ ಕಂಡೇ ಕಾಣುತ್ತದೆ. ಆ ಯಂತ್ರ ನೂರು ಗಂಟೆಗೂ ಮೇಲೆ ಬಿಡುವಿಲ್ಲದೆ ಓಡಿತ್ತು. ನೂರು ಗಂಟೆಯಲ್ಲಿ ಕೂಡಿದ ತಪ್ಪು 0.34 ಸೆಕೆಂಡು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ. ಯಂತ್ರ ಆಕಾಶದ ತಪ್ಪು ಜಾಗವನ್ನು ನೋಡುತ್ತ ಕುಳಿತಿತ್ತು. ಹೆಚ್ಚು ಹೊತ್ತು ಓಡಿಸಿದರೆ ಲೆಕ್ಕ ಜಾರುತ್ತದೆಂದು ಇಸ್ರೇಲಿನವರು ಫೆಬ್ರವರಿ 11ರಂದೇ ತಿಳಿಸಿದ್ದರು. ತಿದ್ದಿದ ಲೆಕ್ಕ ದಹ್ರಾನಿಗೆ ಮುಟ್ಟಿದ್ದು ಫೆಬ್ರವರಿ 26ರಂದು, ಸಾವಿನ ಮರುದಿನ.

ಯುದ್ಧ ಮುಗಿದ ಮೇಲೆ ಲೆಕ್ಕ ಇಳಿಯತೊಡಗಿತು. ಸೌದಿಯಲ್ಲಿ ನೂರಕ್ಕೆ 80, ಇಸ್ರೇಲಿನಲ್ಲಿ 50 ಎಂದು ಸೇನೆ ಹೇಳಿತು. 1992ರ ಏಪ್ರಿಲ್ ಹೊತ್ತಿಗೆ ಅದು 70 ಮತ್ತು 40 ಆಯಿತು. ಅಮೆರಿಕದ ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಕಚೇರಿ ದಾಖಲೆಗಳನ್ನು ತೆರೆದು ನೋಡಿ, ಸ್ಕಡ್ ನಾಶವಾಯಿತೆಂಬುದಕ್ಕೆ ಬಲವಾದ ಪುರಾವೆ ಇರುವುದು ನೂರಕ್ಕೆ ಸುಮಾರು 9 ಪ್ರಸಂಗಗಳಲ್ಲಿ ಮಾತ್ರ ಎಂದು ವರದಿ ಕೊಟ್ಟಿತು. ಉಳಿದವೆಲ್ಲ ಗುರಿ ತಪ್ಪಿದವೆಂದು ಆ ಕಚೇರಿ ಹೇಳಲಿಲ್ಲ. ತಾಗಿದವೆಂದು ಹೇಳಲು ತಕ್ಕ ಪುರಾವೆಯಿಲ್ಲ ಎಂದಿತು. ಹಾಗಾದರೆ ‘ತಡೆದೆವು’ ಎಂದದ್ದರ ಅರ್ಥವೇನು? ಆಕಾಶದಲ್ಲಿ ಪೇಟ್ರಿಯಟ್ ಮತ್ತು ಸ್ಕಡ್‌ಗಳ ದಾರಿಗಳು ಸಂಧಿಸಿದವೆಂದಷ್ಟೇ ಅದರ ಅರ್ಥ ಎಂದು ಸೇನೆಯ ಜನರಲ್ ಒಬ್ಬರು ಕಾಂಗ್ರೆಸ್ಸಿನ ವಿಚಾರಣೆಯಲ್ಲಿ ವಿವರಿಸಿದರು! ಹಾದಿಯಲ್ಲಿ ಎದುರಾದವರನ್ನೆಲ್ಲ ಸಾಲಗಾರರೆಂದು ಖಾತೆಗೆ ಬರೆದುಕೊಂಡ ಸಾಹುಕಾರನ ಲೆಕ್ಕವಿದು.

ಪತ್ರಿಕೆಗಳು ಎಡವಿದ್ದು ಎಲ್ಲಿ? ವರದಿಗಾರರು ಸೇನೆಯ ಕಾವಲಿನಲ್ಲಿದ್ದರು. ಸೇನೆ ತೋರಿಸಿದ್ದನ್ನು ನೋಡಿದರು, ಕೊಟ್ಟ ಅಂಕಿಯನ್ನು ಬರೆದರು. ಫಳಾರನೆ ಹೊಳೆದದ್ದು ಪೇಟ್ರಿಯಟ್ ತಾನೇ ಸಿಡಿದ ಬೆಳಕು. ಅದು ಸ್ಕಡ್‌ಗೆ ತಾಗಿತೋ ಇಲ್ಲವೋ ಬೆಳಕು ಹೇಳುವುದಿಲ್ಲ. ಸ್ಕಡ್‌ನ ಸಿಡಿತಲೆ ಎಲ್ಲಿ ಬಿತ್ತು, ಸಿಡಿಯಿತೆ ಎಂದು ನೆಲದ ಮೇಲೆ ಹೋಗಿ ನೋಡಬೇಕಿತ್ತು. ಆಮೇಲೆ ಥಿಯೋಡೋರ್ ಪೋಸ್ಟಲ್ ಎಂಬ ಪ್ರಾಧ್ಯಾಪಕರು ಅದೇ ಟೆಲಿವಿಷನ್ ಚಿತ್ರಗಳನ್ನು ಒಂದೊಂದಾಗಿ ನಿಲ್ಲಿಸಿ ಪರೀಕ್ಷಿಸಿದರು. ಹೊಡೆತ ತಾಗಿದ ಗುರುತು ಬಹುಮಟ್ಟಿಗೆ ಕಾಣುವುದಿಲ್ಲವೆಂದರು. ಅಷ್ಟು ವೇಗದ ವಸ್ತುವಿಗೆ ಆ ಕ್ಯಾಮರಾ ಸಾಲದೆಂದು ಸೇನೆ ವಾದಿಸಿತು. ಇರಬಹುದು. ಆದರೆ ಸೋಲನ್ನು ತೋರಿಸಲು ಸಾಲದ ಚಿತ್ರ ಗೆಲುವನ್ನು ತೋರಿಸಲು ಹೇಗೆ ಸಾಲುತ್ತದೆ?

ಯುದ್ಧಕಾಲದಲ್ಲಿ ನಿಜ ಹೇಳಿದರೆ ಶತ್ರುವಿಗೆ ಅನುಕೂಲವಲ್ಲವೆ ಎಂದು ಕೆಲವರು ಕೇಳುತ್ತಾರೆ. ಗುಟ್ಟು ಗುಟ್ಟಾಗಿಯೇ ಇರಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ 42ರಲ್ಲಿ 41 ಎಂಬುದನ್ನು ಯಾರೂ ಗುಟ್ಟಾಗಿಡಲಿಲ್ಲ, ಜಗತ್ತಿಗೇ ಸಾರಿದರು. ಅಂಕಿ ಹೇಳಿದ ಮೇಲೆ ಎಣಿಸಿದ ರೀತಿಯನ್ನೂ ಹೇಳಬೇಕು. ಕಾವಲಿದೆಯೆಂದು ನಂಬಿ ಮಲಗುವ ಸೈನಿಕನೂ ಬಡವರ ಮನೆಯ ಮಗನೇ. ಸುಳ್ಳು ಅಂಕಿ ಅವನನ್ನು ಕಾಯುವುದಿಲ್ಲ.

ಗಿರಣಿಯಲ್ಲಿ ಸಾಂಚೆಯಿಂದ ಇಳಿದ ಬಟ್ಟೆಯನ್ನು ನೇಯ್ದವನೇ ಅಳೆದು ಬರೆದುಕೊಳ್ಳುವುದಿಲ್ಲ. ಫೋಲ್ಡಿಂಗ್ ಖಾತೆಯಲ್ಲಿ ಬೇರೆಯವರು ಅಳೆಯುತ್ತಾರೆ. ಎರಡು ರೂಪಾಯಿಯ ಬಟ್ಟೆಗೆ ಇರುವ ಈ ಕಟ್ಟುಪಾಡು ಕೋಟಿಗಟ್ಟಲೆಯ ಆಯುಧಕ್ಕೆ ಬೇಡವೆ? ನಾಳೆ ನಮ್ಮ ಪತ್ರಿಕೆಗಳಲ್ಲಿ ಯಾವುದಾದರೂ ಹೊಸ ಅಸ್ತ್ರದ ವರ್ಣನೆ ಬಂದಾಗ ಮೂರು ಪ್ರಶ್ನೆ ಕೇಳಿರಿ. ಎಣಿಸಿದವರು ಯಾರು? ‘ತಾಗಿತು’ ಎಂದರೆ ಏನರ್ಥ? ಬಿದ್ದ ಜಾಗವನ್ನು ಕಂಡವರುಂಟೆ? ಉತ್ತರವಿಲ್ಲದಿದ್ದರೆ ಅದು ಸುದ್ದಿಯಲ್ಲ, ಮಾರುವವನ ಜಾಹೀರಾತು. ಜಾಹೀರಾತಿನ ಮಾತು ನಂಬಿ ಯಾವ ಅಂಗಡಿಕಾರನೂ ಮಾಲು ಇಳಿಸಿಕೊಳ್ಳುವುದಿಲ್ಲ, ಓದುಗನೂ ಇಳಿಸಿಕೊಳ್ಳಬೇಕಾಗಿಲ್ಲ.