ಮನೆಯ ವೈರಿಂಗಿಗೆ ಕರೆಯುವ ಮುನ್ನ

(ಮುಂಬಯಿಯಲ್ಲಿ ಸಂಘದ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಸಾಹಿತ್ಯವನ್ನು ಕುರಿತು, ನಾಡಿನ ಇತಿಹಾಸವನ್ನು ಕುರಿತು ಬಲ್ಲವರು ಅನೇಕ ಸಲ ಮಾತನಾಡಿದ್ದಾರೆ. ನಾನು ಇಂದು ಎತ್ತಿಕೊಂಡಿರುವ ವಿಷಯ ಅಷ್ಟು ದೊಡ್ಡದಲ್ಲ. ಮನೆಯಲ್ಲಿ ವಿದ್ಯುತ್ತಿನ ಕೆಲಸಕ್ಕೆ ಯಾರನ್ನು ಕರೆಯಬೇಕು, ಕರೆಯುವ ಮುನ್ನ ಅವರಲ್ಲಿ ಏನನ್ನು ಕೇಳಿ ನೋಡಬೇಕು ಎಂಬಷ್ಟೇ ನನ್ನ ವಿಷಯ. ಆದರೆ ಇದರಲ್ಲಿ ತಪ್ಪಿದರೆ ಹೋಗುವುದು ಹಣ ಮಾತ್ರವಲ್ಲ. ನಮ್ಮ ದೇಶದಲ್ಲಿ ವಿದ್ಯುತ್ತು ತಗಲಿ ಸತ್ತವರು 2021ನೆಯ ವರ್ಷವೊಂದರಲ್ಲೇ 12 ಸಾವಿರಕ್ಕೂ ಮಿಕ್ಕಿದ್ದಾರೆಂದು ಸರಕಾರದ ಲೆಕ್ಕವೇ ಹೇಳುತ್ತದೆ.

ಮೊದಲು ಒಂದು ಮಾತು. ದರ್ಜಿ ಅಂಗಿಯನ್ನು ಕೆಡಿಸಿದರೆ ತೊಟ್ಟ ಕೂಡಲೇ ತಿಳಿಯುತ್ತದೆ. ಬಡಗಿ ಬಾಗಿಲನ್ನು ಕೆಡಿಸಿದರೆ ಅದು ಮುಚ್ಚುವುದಿಲ್ಲ. ಆದರೆ ವೈರಿಂಗಿನ ಕೆಲಸ ಹಾಗಲ್ಲ. ಕೆಟ್ಟ ವೈರಿಂಗಿನಲ್ಲಿಯೂ ದೀಪ ಹೊತ್ತುತ್ತದೆ, ಪಂಖಾ ತಿರುಗುತ್ತದೆ. ತಂತಿ ಗೋಡೆಯೊಳಗೆ ಸೇರಿ ಮೇಲೆ ಗಿಲಾವು, ಸುಣ್ಣ ಬಿದ್ದ ಮೇಲೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ನಮ್ಮ ನಿಮ್ಮಂಥವರ ಕಣ್ಣಿಗೆ ಕಾಣದು. ಕಾಣುವ ದಿನ ಬಂದಾಗ ಹೊತ್ತು ಮೀರಿರುತ್ತದೆ. ಕೆಲಸವನ್ನು ನೋಡಿ ಕೆಲಸಗಾರನನ್ನು ಅಳೆಯಲು ಬಾರದಿದ್ದಲ್ಲಿ, ಕೆಲಸಗಾರನನ್ನು ಮೊದಲೇ ವಿಚಾರಿಸಿಕೊಳ್ಳುವುದೊಂದೇ ದಾರಿ.

ಒಂದು ಉದಾಹರಣೆ ನೋಡೋಣ. ಖೋಲಿಯ ಮೋರಿಯ ಬಳಿ 2000 ವಾಟಿನ ಗೀಸರು ಹಾಕಿಸಬೇಕಾಗಿದೆ. 230 ವೋಲ್ಟಿನಲ್ಲಿ ಅದು ಎಳೆಯುವ ಪ್ರವಾಹ ಸುಮಾರು 8.7 ಆಂಪಿಯರು. ದೀಪದ ಬೋರ್ಡಿನಲ್ಲಿರುವ ಸಣ್ಣ ಸಾಕೆಟ್ಟು 6 ಆಂಪಿಯರಿನದು. ಅರೆಬರೆ ಬಲ್ಲವನು ಅದೇ ಬೋರ್ಡಿನಿಂದ ತಂತಿ ಎಳೆದು ಗೀಸರಿಗೆ ಜೋಡಿಸಿ ಹೋಗುತ್ತಾನೆ. ನೀರು ಕಾಯುತ್ತದೆ, ಮನೆಯವರಿಗೆ ಸಂತೋಷ. ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಕಾವು ನಾಲ್ಮಡಿಯಾಗುತ್ತದೆ ಎಂಬುದನ್ನು ಅವನು ಹೇಳುವುದಿಲ್ಲ. ಬಹುಶಃ ಅವನಿಗೂ ತಿಳಿದಿರುವುದಿಲ್ಲ. ತಂತಿಯ ಮೇಲಿನ ಹೊದಿಕೆ ದಿನದಿನವೂ ಗೋಡೆಯೊಳಗೆ ಒಣಗಿ ಬಿರಿಯುತ್ತದೆ. ಫ್ಯೂಸು ಪದೇ ಪದೇ ಹಾರಿದರೆ ಅದರಲ್ಲಿ ದಪ್ಪ ತಾಮ್ರದ ತಂತಿ ಸುತ್ತಿ ಕೊಡುವ ಮಹಾಶಯರೂ ಉಂಟು. ಕಾವಲುಗಾರನ ಕೈಕಾಲು ಕಟ್ಟಿ, ಇನ್ನು ಗದ್ದಲವಿಲ್ಲವೆಂದು ಮಲಗಿದ ಹಾಗಾಯಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಹಳೆಯ ಕಟ್ಟಡಗಳಲ್ಲಿ ಮೂರು ತೂತಿನ ಸಾಕೆಟ್ಟು ಇರುತ್ತದೆ. ಮೇಲಿನ ದೊಡ್ಡ ತೂತಿಗೆ ಅರ್ಥಿಂಗಿನ ತಂತಿಯೇ ಇರುವುದಿಲ್ಲ. ಕೆಲವರು ಶ್ರಮ ಉಳಿಸಲೆಂದು ಅರ್ಥಿನ ಜಾಗಕ್ಕೆ ನ್ಯೂಟ್ರಲ್ ತಂತಿಯನ್ನೇ ಸೇರಿಸಿಬಿಡುತ್ತಾರೆ. ಎಲ್ಲವೂ ಸರಿಯಾಗಿ ನಡೆಯುವಂತೆ ಕಾಣುತ್ತದೆ. ಎಂದಾದರೊಂದು ದಿನ ಆ ನ್ಯೂಟ್ರಲ್ ಎಲ್ಲಿಯೋ ಕಡಿದರೆ ಗೀಸರಿನ, ಬಟ್ಟೆ ಒಗೆಯುವ ಯಂತ್ರದ ಲೋಹದ ಮೈಗೆ ಪೂರ್ಣ ವಿದ್ಯುತ್ತು ಏರುತ್ತದೆ. ಒದ್ದೆ ಕೈಯಲ್ಲಿ ಅದನ್ನು ಮುಟ್ಟುವವರು ಮನೆಯ ಹೆಂಗಸರು, ಮಕ್ಕಳು. ಮನುಷ್ಯನ ಹೃದಯ ತಾಳ ತಪ್ಪಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಸಾಕು. ಅಷ್ಟಕ್ಕೆ 6 ಆಂಪಿಯರಿನ ಫ್ಯೂಸು ಹಾರುವುದಿಲ್ಲ. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಇನ್ನು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳ 45ನೆಯ ನಿಯಮದಲ್ಲಿಯೇ ಈ ಮಾತು ಇತ್ತು. 2003ರ ವಿದ್ಯುಚ್ಛಕ್ತಿ ಕಾಯಿದೆ ಬಂದ ಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಸುರಕ್ಷತೆಯ ನಿಯಮಗಳನ್ನು ಮಾಡಿತು. ಅವುಗಳ ಜಾಗಕ್ಕೆ 2023ರಲ್ಲಿ ಹೊಸವು ಬಂದವು. ತಿರುಳು ಅಂದಿನಿಂದ ಇಂದಿನವರೆಗೆ ಒಂದೇ. ಮನೆಯ ವಿದ್ಯುತ್ ಜೋಡಣೆಯಲ್ಲಿ ಹೊಸದಾಗಿ ಸೇರಿಸುವುದು, ಬದಲಿಸುವುದು, ರಿಪೇರಿ ಮಾಡುವುದು, ಇವೆಲ್ಲವೂ ರಾಜ್ಯ ಸರಕಾರದ ಲೈಸೆನ್ಸು ಪಡೆದ ಗುತ್ತಿಗೆದಾರನ ಮೂಲಕ, ಅರ್ಹತಾ ಪತ್ರವುಳ್ಳ ಮೇಲ್ವಿಚಾರಕನ ಕಣ್ಣಳತೆಯಲ್ಲಿ, ಪರವಾನಿಗೆಯುಳ್ಳ ಕೆಲಸಗಾರನ ಕೈಯಿಂದ ನಡೆಯಬೇಕು. ಬಲ್ಬು, ಪಂಖಾ, ಫ್ಯೂಸು, ಸ್ವಿಚ್ಚು ಕೆಟ್ಟಾಗ ಅದೇ ಬಗೆಯದನ್ನು ಬದಲಿಸುವುದಕ್ಕೆ ಮಾತ್ರ ವಿನಾಯಿತಿ ಉಂಟು. ಹೊಸ ಪಾಯಿಂಟು, ಗೀಸರಿನ ಲೈನು, ಮೇನ್ ಬೋರ್ಡಿನ ಬದಲಾವಣೆ ಇವು ಆ ವಿನಾಯಿತಿಯಲ್ಲಿ ಸೇರುವುದಿಲ್ಲ.

ಆದುದರಿಂದ ನೋಡಬೇಕಾದ ಕಾಗದಗಳು ಮೂರು. ಒಂದು, ಕೆಲಸ ಮಾಡುವವನ ವೈರ್‌ಮನ್ ಪರವಾನಿಗೆ. ಎರಡು, ಮೇಲ್ವಿಚಾರಕನ ಅರ್ಹತಾ ಪತ್ರ. ಮೂರು, ಗುತ್ತಿಗೆದಾರನ ಲೈಸೆನ್ಸು. ಇವುಗಳನ್ನು ಕೊಡುವುದು ಲೈಟ್ ಬಿಲ್ಲು ಕಳಿಸುವ ಕಂಪನಿಯಲ್ಲ, ಕಾರ್ಪೊರೇಶನ್ನೂ ಅಲ್ಲ. ಆಯಾ ರಾಜ್ಯ ಸರಕಾರ. ಕಾಗದ ಕೈಗೆ ಬಂದಾಗ ಹೆಸರನ್ನೂ ಭಾವಚಿತ್ರವನ್ನೂ ಎದುರಿಗೆ ನಿಂತವನೊಡನೆ ತಾಳೆ ನೋಡಿರಿ. ನಂಬರನ್ನು ಬರೆದುಕೊಳ್ಳಿರಿ. ಯಾವ ತಾರೀಖಿನವರೆಗೆ ಊರ್ಜಿತವಿದೆ ಎಂಬುದನ್ನು ಓದಿರಿ. ಅವಧಿ ಮುಗಿದ ಪರವಾನಿಗೆ ಹಳೆಯ ರೈಲ್ವೆ ಪಾಸಿನಂತೆ, ಹೆಸರಿಗೆ ಮಾತ್ರ ಪಾಸು. ಸಂಶಯ ಬಂದರೆ ರಾಜ್ಯದ ವಿದ್ಯುತ್ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಬಹುದು. ಮದರಾಸಿನಲ್ಲಿ, ಅಂದರೆ ಇಂದಿನ ಚೆನ್ನೈಯಲ್ಲಿ, ನಮ್ಮ ನೆಂಟರಿಷ್ಟರಿದ್ದರೆ ಅಲ್ಲಿ ತಮಿಳುನಾಡು ವಿದ್ಯುತ್ ಲೈಸೆನ್ಸಿಂಗ್ ಮಂಡಲಿಯೇ ಈ ಕೆಲಸಕ್ಕೆಂದು ಇದೆ ಎಂದು ತಿಳಿಸಿರಿ.

ಇಲ್ಲಿ ಮೂರು ತಪ್ಪು ತಿಳಿವಳಿಕೆಗಳನ್ನು ಬಿಡಿಸಬೇಕು. ಐ.ಟಿ.ಐ.ಯ ಎಲೆಕ್ಟ್ರಿಷಿಯನ್ ಅಥವಾ ವೈರ್‌ಮನ್ ತರಬೇತಿ ಎರಡು ವರ್ಷದ್ದು. ಅದು ಒಳ್ಳೆಯ ಶಿಕ್ಷಣವೇ ಸರಿ. ಆದರೆ ಆ ಸರ್ಟಿಫಿಕೇಟು ಓದಿಗೆ ಸಾಕ್ಷಿ, ಪರವಾನಿಗೆ ಬೇರೆ. ಎರಡನೆಯದು, ಅಂಗಡಿಯ ಫಲಕ. ಎಲೆಕ್ಟ್ರಿಕ್ ಸಾಮಾನು ಮಾರುವುದಕ್ಕೆ ಅಂಗಡಿಯ ನೋಂದಣಿ ಸಾಕು. ಅದರಿಂದ ವೈರಿಂಗಿನ ಅಧಿಕಾರ ಬಾರದು. ಮೂರನೆಯದು, ಈಗ ಮೊಬೈಲಿನ ಆ್ಯಪ್ ಮೂಲಕ ಕೆಲಸಗಾರರನ್ನು ಕರೆಸುತ್ತಾರೆ. ಅಲ್ಲಿ ಗಿರಾಕಿಗಳು ಕೊಟ್ಟ ನಕ್ಷತ್ರಗಳು ಕೆಲಸಗಾರನ ಸಮಯಪಾಲನೆಯನ್ನೂ ನಯವಾದ ಮಾತನ್ನೂ ಹೇಳಬಹುದು. ಗೋಡೆಯೊಳಗಿನ ತಂತಿಯನ್ನು ಆ ಗಿರಾಕಿಗಳೂ ಕಂಡಿರುವುದಿಲ್ಲ.

ಇನ್ನು ನಮ್ಮವರ ಒಂದು ಸಂಕೋಚ. “ಅವನು ನಮ್ಮೂರಿನ ಹುಡುಗ, ನಮ್ಮ ಭಾಷೆಯವನು, ಅವನನ್ನು ಕಾಗದ ಕೇಳುವುದು ಹೇಗೆ?” ಎನ್ನುತ್ತೇವೆ. ಪರಸ್ಥಳದಲ್ಲಿ ನಮ್ಮವರು ನಮ್ಮವರಿಗೆ ಕೆಲಸ ಕೊಡುವುದು ಒಳ್ಳೆಯದೇ. ಆದರೆ ಊರು ಕೇಳುವುದೂ ಪರವಾನಿಗೆ ಕೇಳುವುದೂ ಎರಡು ಬೇರೆ ಮಾತು. ಕಾಗದ ಕೇಳುವುದು ಅವಮಾನವಲ್ಲ. ಕಷ್ಟಪಟ್ಟು ಪರೀಕ್ಷೆಗೆ ಕುಳಿತು ಪರವಾನಿಗೆ ಪಡೆದವನಿಗೆ ಅದನ್ನು ತೋರಿಸುವುದು ಹೆಮ್ಮೆ. ಯಾರೂ ಕೇಳದಿದ್ದರೆ ಪರವಾನಿಗೆ ಪಡೆದವನಿಗೂ ಪಡೆಯದವನಿಗೂ ಒಂದೇ ಬೆಲೆಯಾಗಿ, ಅಗ್ಗಕ್ಕೆ ಮಾಡುವವನೇ ಗೆಲ್ಲುತ್ತಾನೆ.

ನಮ್ಮ ಸಂಘದಲ್ಲಿ ಈ ಕಸುಬಿನ ತರುಣರೂ ಇದ್ದಾರೆ. ಅವರಿಗೆ ಒಂದು ಮಾತು. ತಮ್ಮಂದಿರೇ, ನಿಯಮದಲ್ಲಿ ಪರವಾನಿಗೆಯು ಆಯಾ ರಾಜ್ಯ ಸರಕಾರ ಕೊಟ್ಟದ್ದು ಅಥವಾ ಮಾನ್ಯ ಮಾಡಿದ್ದು ಎಂದಿದೆ. ಕರ್ನಾಟಕದಲ್ಲಿ ಪಡೆದ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಇಲ್ಲಿ ಕೆಲಸಕ್ಕೆ ಇಳಿಯಬೇಡಿರಿ. ಇಲ್ಲಿಯ ಕಚೇರಿಗೆ ಹೋಗಿ ಮಾನ್ಯತೆಯ ವಿಷಯವನ್ನು ಮೊದಲು ವಿಚಾರಿಸಿರಿ. ಕೆಲಸದಲ್ಲಿ ಅಪಘಾತವಾದರೆ ಮೊದಲು ಬೀಳುವವನು ಏಣಿಯ ಮೇಲಿದ್ದವನು. ಆಗ ಊರಿನಲ್ಲಿ ಕಾಯುವ ತಾಯಿತಂದೆಗಳ ಪರವಾಗಿ ಮಾತನಾಡಲು ನಿಮ್ಮ ಕಾಗದಗಳು ಸರಿಯಾಗಿರಬೇಕು.

ಕಾಗದ ನೋಡಿದ ಮೇಲೆ ಎರಡು ಮೂರು ಪ್ರಶ್ನೆ ಕೇಳಿರಿ. “ಗೀಸರಿಗೆ ಯಾವ ತಂತಿ ಹಾಕುತ್ತೀರಿ?” ಸಾಮಾನ್ಯವಾಗಿ ದೀಪಕ್ಕೆ 1.5, ದೊಡ್ಡ ಸಾಕೆಟ್ಟಿಗೆ 2.5, ಗೀಸರು ಮತ್ತು ಏರ್ ಕಂಡಿಶನರಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕುವ ರೂಢಿ ಇದೆ. ತಂತಿಯ ಮೇಲೆ ಐ.ಎಸ್.ಐ. ಮುದ್ರೆ ಇರಲೇಬೇಕು. “ಅರ್ಥಿಂಗ್ ಎಲ್ಲಿಂದ ತರುತ್ತೀರಿ?” ಎಂದು ಕೇಳಿರಿ. “ಕೆಲಸ ಮುಗಿದ ಮೇಲೆ ಮೆಗ್ಗರು ಹಚ್ಚಿ ನೋಡುತ್ತೀರಾ?” ಎಂದು ಕೇಳಿರಿ. ಮೆಗ್ಗರು ಎಂದರೆ ತಂತಿಯ ಹೊದಿಕೆ ಗಟ್ಟಿಯಾಗಿದೆಯೇ ಎಂದು ಅಳೆಯುವ ಉಪಕರಣ. ಬಲ್ಲವನು ಉತ್ತರಕ್ಕೆ ತಡಕಾಡುವುದಿಲ್ಲ, “ನಿಮಗೇಕೆ ಅದೆಲ್ಲ?” ಎಂದೂ ಗದರುವುದಿಲ್ಲ. ಕೆಲಸಕ್ಕೆ ಕೈ ಹಚ್ಚುವ ಮುನ್ನ ಅವನು ಮೇನ್ ಸ್ವಿಚ್ಚನ್ನು ಆರಿಸಿ ಟೆಸ್ಟರು ಹಿಡಿದು ನೋಡುತ್ತಾನೆಯೇ ಎಂಬುದನ್ನೂ ಗಮನಿಸಿರಿ. ಆರಿಸದೆ ಕೆಲಸಕ್ಕೆ ಇಳಿಯುವವನ ಧೈರ್ಯವನ್ನು ಮೆಚ್ಚಬೇಡಿರಿ.

ಮೇನ್ ಬೋರ್ಡಿನಲ್ಲಿ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಹಾಕಿಸಿರಿ. ಮನೆಗೆ ಹಾಕುವುದು 30 ಮಿಲಿ ಆಂಪಿಯರಿನದು. ವಿದ್ಯುತ್ತು ದಾರಿ ತಪ್ಪಿ ಮನುಷ್ಯನ ಮೈ ಮೂಲಕ ನೆಲಕ್ಕೆ ಹರಿಯತೊಡಗಿದರೆ ಕ್ಷಣಾರ್ಧದಲ್ಲಿ ಕಡಿದುಹಾಕುವುದು ಇದೇ. ಅದರ ಮೇಲೆ ಪರೀಕ್ಷೆಯ ಗುಂಡಿಯೊಂದಿದೆ. ಹಣ ಕೊಡುವ ಮುನ್ನ ಒತ್ತಿಸಿ ನೋಡಿರಿ.

ಹಣದ ವಿಷಯದಲ್ಲಿಯೂ ಪದ್ಧತಿ ಇರಲಿ. ಅಂದಾಜು ಪಟ್ಟಿಯನ್ನು ಬರೆಸಿಕೊಳ್ಳಿರಿ. ಪೂರ್ತಿ ಹಣವನ್ನು ಮುಂಗಡವಾಗಿ ಕೊಡಬೇಡಿರಿ. ಬಿಲ್ಲಿನ ಮೇಲೆ ಗುತ್ತಿಗೆದಾರನ ಲೈಸೆನ್ಸಿನ ನಂಬರು ಇರಲಿ. ಹೊಸ ವೈರಿಂಗಾದರೆ ಅವನ ಸಹಿಯ ಪರೀಕ್ಷಾ ವರದಿಯನ್ನು ಪಡೆದು ಬಾಡಿಗೆಯ ಕರಾರಿನ ಜೊತೆ ಜೋಪಾನವಾಗಿಡಿರಿ. ಬಾಡಿಗೆಯವರು ಕೆಲಸಕ್ಕೆ ಮುನ್ನ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಖರ್ಚು ಹೆಚ್ಚೆನಿಸಿದರೆ ಒಂದು ಉಪಾಯ ಉಂಟು: ಒಂದೇ ಚಾಳಿನ, ಒಂದೇ ಮಾಳಿಗೆಯ ನಾಲ್ಕು ಮನೆಯವರು ಕೂಡಿ ಒಬ್ಬ ಲೈಸೆನ್ಸುದಾರನನ್ನು ಕರೆಸಿದರೆ ಪಾಲು ಹಗುರಾಗುತ್ತದೆ. ಹೇಗೂ ಒಂದು ಖೋಲಿಯ ಬೆಂಕಿ ಆ ಖೋಲಿಯ ಬಾಗಿಲಲ್ಲಿ ನಿಲ್ಲುವುದಿಲ್ಲ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ತಾವೆಲ್ಲ ಬಲ್ಲಿರಿ. ಊರು ಬಿಟ್ಟು ಬಂದು, ಪಾಳಿಯ ಮೇಲೆ ಪಾಳಿ ದುಡಿದು ಕಟ್ಟಿಕೊಂಡ ಸಂಸಾರ ನಮ್ಮದು. ಅದನ್ನು ಕಾಯಲು ಬೇಕಾದದ್ದು ಐದು ನಿಮಿಷದ ವಿಚಾರಣೆ, ಮತ್ತು “ನಿಮ್ಮ ಪರವಾನಿಗೆ ತೋರಿಸಿ” ಎಂಬ ಮೂರು ಶಬ್ದ. ಅವನ್ನು ನಾಚಿಕೆಯಿಲ್ಲದೆ ಕೇಳಿರಿ ಎಂದು ಅರಿಕೆ ಮಾಡಿಕೊಳ್ಳುತ್ತೇನೆ.