ಸೊನ್ನೆ ಬೇರೆ, ಗೈರು ಬೇರೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಊರಿಗೆ ಬಂದಾಗಲೆಲ್ಲ "ಬೆಂಗಳೂರಲ್ಲಿ ನೀನು ಮಾಡೋ ಕೆಲಸ ಏನಪ್ಪಾ?" ಎಂದು ಕೇಳುತ್ತೀರಿ. "ಕಂಪ್ಯೂಟರ್ ಕೆಲಸ" ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಇವತ್ತು ಮೈಕು ಕೈಗೆ ಸಿಕ್ಕಿದೆ, ಬಿಡಿಸಿ ಹೇಳುತ್ತೇನೆ.

ನನ್ನ ಕೆಲಸ ಫೈಲ್ ಓದುವುದು. ಒಂದೇ ಯಂತ್ರ ಓದಿ ಮುಗಿಸಲಾಗದಷ್ಟು ದೊಡ್ಡ ಫೈಲನ್ನು ತುಂಡು ಮಾಡಿ ಹತ್ತಾರು, ನೂರಾರು ಕಂಪ್ಯೂಟರುಗಳಿಗೆ ಹಂಚುತ್ತೇವೆ, ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಗಳ ಬಂಡಲುಗಳನ್ನು ಮೌಲ್ಯಮಾಪಕರಿಗೆ ಹಂಚಿದ ಹಾಗೆ. ಇದಕ್ಕೆ ಹಡೂಪ್ ಎಂಬ ತಂತ್ರಾಂಶವಿದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಅಮೆರಿಕದ ಡಗ್ ಕಟಿಂಗ್ ತಮ್ಮ ಮಗನ ಆಟಿಕೆ ಆನೆಯ ಹೆಸರನ್ನೇ ಅದಕ್ಕೆ ಇಟ್ಟರು. 2009ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಸ್ಪಾರ್ಕ್ ಆಮೇಲೆ ಬಂತು.

ಹಂಚುವುದು ದೊಡ್ಡ ಮಾತಲ್ಲ. ತುಂಡು ಕೈಗೆ ಬಂದ ಯಂತ್ರಕ್ಕೆ ಕಾಣುವುದು ಬರೀ ಅಂಕಿಗಳ ಸಾಲು. ನಮ್ಮ ಶಾಲೆಯ ಅಂಕವಹಿಯ ತಲೆಬರಹದ ಪುಟ ಹರಿದುಹೋಗಿದೆ ಎಂದುಕೊಳ್ಳಿ. 45 ಎಂದರೆ ಗಣಿತದ ಅಂಕವೋ, ಹಾಜರಾದ ದಿನಗಳೋ, ಕ್ರಮಸಂಖ್ಯೆಯೋ? ಯಂತ್ರವನ್ನು ಅದರ ಪಾಡಿಗೆ ಊಹಿಸಲು ಬಿಟ್ಟರೆ 007 ಎಂಬ ಕ್ರಮಸಂಖ್ಯೆ 7 ಆಗಬಹುದು. ಖಾಲಿ ಬಿಟ್ಟ ಮನೆ ಸೊನ್ನೆಯಾಗಬಹುದು.

ಈ ಸೊನ್ನೆಯದೇ ನನಗೆ ಹೆಚ್ಚಿನ ಚಿಂತೆ. ಒಂದು ಮಗು ಎರಡು ಕಿರುಪರೀಕ್ಷೆಗಳಲ್ಲಿ 60, 70 ಪಡೆದು, ಜ್ವರ ಬಂದು ಮೂರನೆಯದಕ್ಕೆ ಗೈರಾಯಿತು. ಬರೆದ ಪರೀಕ್ಷೆಗಳ ಸರಾಸರಿ 65. ಗೈರನ್ನು ಸೊನ್ನೆ ಎಂದು ಓದಿದರೆ 43. ಶೇ 60 ಕೇಳುವ ವಿದ್ಯಾರ್ಥಿವೇತನದ ಪಟ್ಟಿಯಿಂದ ಆ ಮಗು ಹೊರಗೆ. ಮೇಷ್ಟ್ರು ವಹಿ ನೋಡಿದರೆ ಒಂದೇ ಕ್ಷಣದಲ್ಲಿ ಹಿಡಿಯುತ್ತಾರೆ. ಲಕ್ಷಾಂತರ ಸಾಲುಗಳ ನಡುವೆ ಯಾರು ಹಿಡಿಯಬೇಕು?

ಅದಕ್ಕೇ ಆವ್ರೋ ಎಂಬ ಫೈಲ್ ಪದ್ಧತಿ ಇದೆ. ಅದನ್ನು ಆರಂಭಿಸಿದವರೂ ಕಟಿಂಗ್ ಅವರೇ. ಇದರಲ್ಲಿ ತಲೆಬರಹ ಫೈಲಿನೊಳಗೇ ಇರುತ್ತದೆ, ಅದಕ್ಕೆ ಸ್ಕೀಮಾ ಎನ್ನುತ್ತೇವೆ. ಹೆಸರು ಅಕ್ಷರಗಳಲ್ಲಿ, ಅಂಕ "ಪೂರ್ಣಾಂಕ ಅಥವಾ ಏನೂ ಇಲ್ಲ" ಎಂದು ಅಲ್ಲಿ ಬರೆದಿರಬೇಕು. ಮಧ್ಯದ ತುಂಡು ಸಿಕ್ಕ ಯಂತ್ರವೂ ಮೊದಲು ಫೈಲಿನ ತಲೆಬರಹ ಓದಿಕೊಂಡು ಬಂದು, ತನ್ನ ತುಂಡಿನಲ್ಲಿ 16 ಬೈಟಿನ ಒಂದು ಗುರುತನ್ನು ಹುಡುಕಿ, ಅಲ್ಲಿಂದ ಕೆಲಸ ಹಿಡಿಯುತ್ತದೆ. ಸ್ಕೀಮಾದಿಂದ "ವಿದ್ಯಾರ್ಥಿ" ಎಂಬ ಜಾವಾ ಕ್ಲಾಸನ್ನೇ ತಯಾರಿಸಬಹುದು. ಆಗ ಪ್ರತಿ ಸಾಲೂ ಹೆಸರು, ಅಂಕಗಳಿರುವ ಒಬ್ಬ ವಿದ್ಯಾರ್ಥಿಯಾಗಿ ಕೈಗೆ ಬರುತ್ತದೆ. "ಗಣಿತ" ಎನ್ನುವ ಕಡೆ "ಗಣಿತಾ" ಎಂದು ಬರೆದರೆ ಕೆಲಸ ಶುರುವಾಗುವ ಮುಂಚೆಯೇ ಸಿಕ್ಕಿಬೀಳುತ್ತದೆ, ನಡುರಾತ್ರಿಯಲ್ಲಿ ಅಲ್ಲ.

ಹಳೆಯ ವರ್ಷದ ಫೈಲಿನಲ್ಲಿ ಇಲ್ಲದ ಅಂಕಣಕ್ಕೆ ಏನು ತುಂಬಬೇಕೆಂದು ಓದುವವರು ಮೊದಲೇ ಹೇಳಿಡಬೇಕು. ಅಲ್ಲಿ 0 ಬರೆಯಲು ಎಲ್ಲರ ಕೈಯೂ ತುರಿಸುತ್ತದೆ. ನನ್ನ ಜೊತೆ ಕೆಲಸ ಮಾಡುವ ಹುಡುಗರಿಗೆ ನಾನು ಬಿಡುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಜಾಗ ಉಳಿಸಲು ಹಡೂಪಿನ ಓದುಗ ಒಂದೇ ಸ್ಲೇಟನ್ನು ಒರೆಸಿ ಒರೆಸಿ ಬರೆಯುತ್ತದೆ. ನಕಲು ಮಾಡಿಕೊಳ್ಳದೆ ಸ್ಲೇಟನ್ನೇ ಎತ್ತಿಟ್ಟುಕೊಂಡರೆ ಸಾವಿರ ಮಕ್ಕಳ ಜಾಗದಲ್ಲೂ ಕೊನೆಯ ಮಗುವಿನ ಹೆಸರೇ ಇರುತ್ತದೆ. ಎಣಿಸಿದರೆ ಸಾವಿರ ಸರಿಯಾಗಿಯೇ ಇದೆ! ಯಂತ್ರ ತಪ್ಪೆಂದು ಕೂಗುವುದೂ ಇಲ್ಲ. ಹಾಗಾಗಿ ಎಣಿಕೆ ತಾಳೆಯಾಯಿತೆಂದು ಬಿಡದೆ, ನಾಲ್ಕು ಹೆಸರು ತೆಗೆದು ಕಣ್ಣಾರೆ ನೋಡುವುದು ನಮ್ಮ ರೂಢಿ.

ಊಟವಾದ ಮೇಲೆ ಕಂಪ್ಯೂಟರ್ ಕೋಣೆಯಲ್ಲಿರುತ್ತೇನೆ. ಕಲ್ಪಿತ ಹೆಸರುಗಳ ಅಂಕಪಟ್ಟಿಯ ಫೈಲೊಂದನ್ನು ಲ್ಯಾಪ್‌ಟಾಪಿನಲ್ಲಿ ತಂದಿದ್ದೇನೆ. ಒಂಬತ್ತು, ಹತ್ತನೆಯ ತರಗತಿಯವರು ಬನ್ನಿ, ತೆರೆದು ತೋರಿಸುತ್ತೇನೆ. ಗಣಿತದ ಮೇಷ್ಟ್ರೂ ಬಂದರೆ ಸಂತೋಷ.