ಹಸಿರಾಗಿದ್ದೂ ಸತ್ತಿರುವ ಗಿಡ

(ಉಚ್ಚಿಲದಲ್ಲಿ ಕೈತೋಟದ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ)



ಬೋನ್ಸಾಯ್ ಎಂದೊಡನೆ ನಮ್ಮ ಕಡೆ ಎರಡು ಆಕ್ಷೇಪಗಳು ಬರುತ್ತವೆ. ಮರವನ್ನು ಉಪವಾಸ ಕೆಡವಿ ಕುಳ್ಳಾಗಿಸುವುದು ಪಾಪ ಎಂಬುದು ಒಂದು. ಮನೆಯಲ್ಲಿಟ್ಟರೆ ವಾಸ್ತುವಿಗೆ ಆಗದು ಎಂಬುದು ಇನ್ನೊಂದು. ವಾಸ್ತುವಿನ ಗೊಡವೆ ನನಗೆ ಬೇಡ. ಮೊದಲನೆಯದಕ್ಕೆ ಮಾತ್ರ ಉತ್ತರವಿದೆ: ಉಪವಾಸ ಬಿದ್ದ ಗಿಡ ಕುಳ್ಳಾಗುವುದಿಲ್ಲ, ಸಾಯುತ್ತದೆ. ನೀರು, ಗೊಬ್ಬರ, ಬಿಸಿಲು ಬೋನ್ಸಾಯ್‌ಗೂ ಬೇಕು. ಅದು ಕುಳ್ಳಾಗಿ ಉಳಿಯುವುದು ಬೇರನ್ನೂ ಚಿಗುರನ್ನೂ ಕಾಲಕಾಲಕ್ಕೆ ಸವರುವುದರಿಂದ. ಶಂಕರಪುರದವರು ಮಲ್ಲಿಗೆ ಗಿಡ ಸವರುವುದನ್ನು ಯಾರೂ ಹಿಂಸೆ ಎನ್ನುವುದಿಲ್ಲವಷ್ಟೆ.

ಜಪಾನಿ ಭಾಷೆಯಲ್ಲಿ ‘ಬೋನ್’ ಎಂದರೆ ತಟ್ಟೆಯಂಥ ಪಾತ್ರೆ, ‘ಸಾಯ್’ ಎಂದರೆ ನೆಡುವುದು. ಕಲೆಯ ಮೂಲ ಚೀನ. ಅಲ್ಲಿನ ತಾಂಗ್ ವಂಶದ ರಾಜಕುಮಾರ ಝಾಂಗ್‌ಹುವಾಯ್‌ನ ಸಮಾಧಿಯಲ್ಲಿ, ಕ್ರಿ.ಶ. 706ರಷ್ಟು ಹಿಂದೆಯೇ, ಪುಟ್ಟ ಗಿಡವಿರುವ ತಟ್ಟೆ ಹಿಡಿದ ಸೇವಕರ ಚಿತ್ರವಿದೆ.

ಈಗ ಜುನಿಪರ್ ವಿಚಾರ. ಪುಸ್ತಕದ ಚಿತ್ರ ನೋಡಿದವರು ಮೊದಲು ಕೊಳ್ಳುವುದು ಇದನ್ನೇ. ತಂದ ದಿನವೇ ಚಟ್ಟಿ ಬದಲಾಯಿಸಿ, ಕೊಂಬೆ ಕತ್ತರಿಸಿ, ತಂತಿ ಸುತ್ತಿ, ಟಿ.ವಿ. ಪಕ್ಕದಲ್ಲಿ ಇಡುತ್ತಾರೆ. ತಿಂಗಳಾದರೂ ಗಿಡ ಹಸಿರಾಗಿಯೇ ಇರುತ್ತದೆ, ಮನೆಯವರಿಗೆಲ್ಲ ಸಂತೋಷ. ಆದರೆ ಜುನಿಪರ್‌ನ ವಿಚಿತ್ರವೆಂದರೆ ಬೇರು ಸತ್ತ ಮೇಲೂ ಎಲೆ ವಾರಗಟ್ಟಲೆ ಹಸಿರಾಗಿರುತ್ತದೆ. ಬಣ್ಣ ಮಾಸಿತೆಂದು ನೀವು ನೀರು ಹೆಚ್ಚಿಸುವ ಹೊತ್ತಿಗೆ ಉಳಿಸಲು ಏನೂ ಉಳಿದಿರುವುದಿಲ್ಲ.

ಆದ್ದರಿಂದ ಬಲ್ಲವರು ಒಂದು ಸಲಕ್ಕೆ ಒಂದೇ ಗಾಯ ಎನ್ನುತ್ತಾರೆ. ಕೊಂಬೆ ಕತ್ತರಿಸಿದ ವರ್ಷ ಬೇರು ಮುಟ್ಟಬಾರದು; ಬೇರು ಕತ್ತರಿಸಿದ ವರ್ಷ ಕೊಂಬೆ ಬಗ್ಗಿಸಬಾರದು. ಗಿಡವನ್ನು ಹೊರಗೇ, ಬಿಸಿಲಿನಲ್ಲೇ ಇಡಬೇಕು. ಯಾವುದೇ ರೆಂಬೆಯ ಹಸಿರನ್ನೆಲ್ಲ ತೆಗೆದರೆ ಆ ರೆಂಬೆ ಮತ್ತೆ ಚಿಗುರುವುದಿಲ್ಲ. ಬೋಳು ಕೊಂಬೆಯಲ್ಲಿ ಕಣ್ಣೊಡೆಯುವ ಗುಣ ಮಲ್ಲಿಗೆಗಿದೆ, ಜುನಿಪರ್‌ಗೆ ಇಲ್ಲವೆಂದೇ ತಿಳಿಯಿರಿ. ಸುತ್ತಿದ ತಂತಿ ತಿಂಗಳುಗಟ್ಟಲೆ ಇರಬೇಕು, ಆದರೆ ತೊಗಟೆಯನ್ನು ಕಚ್ಚುವ ಮೊದಲೇ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು. ಬಿಚ್ಚಲು ಹೋದರೆ ಕೊಂಬೆ ಮುರಿಯುತ್ತದೆ. ತಂತಿ ಅಲ್ಯೂಮಿನಿಯಂ ಅಥವಾ ತಾಮ್ರದ್ದಿರಲಿ. ಕಬ್ಬಿಣ ನಮ್ಮ ಉಪ್ಪುಗಾಳಿಗೆ ಎಷ್ಟು ದಿನ ತಡೆಯುತ್ತದೆಂದು ದೋಣಿಯವರನ್ನು ಕೇಳಿದರೆ ಸಾಕು.

ಇಷ್ಟೆಲ್ಲ ಮಾಡಿದರೂ ಕಡಲ ಕರೆಯಲ್ಲಿ ಜುನಿಪರ್ ಕಷ್ಟವೇ. ಅದಕ್ಕೆ ಚಳಿಗಾಲದ ವಿಶ್ರಾಂತಿ ಬೇಕು. ನಮಗಿರುವುದು ಸೆಕೆ ಮತ್ತು ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಒದ್ದೆ ಮಣ್ಣಿನಲ್ಲಿ ಅದರ ಬೇರು ಕೊಳೆಯುತ್ತದೆ. ಬೆಳೆಸಲೇಬೇಕೆಂಬ ಹಟವಿದ್ದರೆ ಹಳೆಯ ಹಂಚನ್ನು ಕುಟ್ಟಿ, ಜರಡಿ ಹಿಡಿದು, ಪುಡಿಯನ್ನು ಎಸೆದು, ಚೂರನ್ನು ಮಣ್ಣಿಗಿಂತ ಹೆಚ್ಚಾಗಿ ಹಾಕಿ. ಮಳೆಗಾಲದಲ್ಲಿ ಬೆಳಕು ಬೀಳುವ ಮಾಡಿನಡಿ ಇಡಿ.

ಇಷ್ಟು ಕಾದು ಸಿಗುವುದೇನು ಎಂದು ಕೇಳಬಹುದು. ಜುನಿಪರ್ ಅಲ್ಲ, ಬಿಳಿ ಪೈನ್ ಒಂದರ ಕಥೆ ಇದೆ. 1625ರಿಂದ ಕುಂಡದಲ್ಲಿ ಬೆಳೆದ ಅದು ಹಿರೋಶಿಮಾದ ಯಾಮಾಕಿ ಮನೆತನದ್ದು. 1945ರ ಆಗಸ್ಟ್ 6ರಂದು ಬಾಂಬು ಬಿದ್ದಾಗ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ, ಗೋಡೆಯ ಮರೆಯಲ್ಲಿದ್ದು ಉಳಿಯಿತು. 1976ರಲ್ಲಿ ಮಸಾರು ಯಾಮಾಕಿ ಅದನ್ನು ಅಮೆರಿಕಕ್ಕೇ ಉಡುಗೊರೆಯಾಗಿ ಕೊಟ್ಟರು, ಬಾಂಬಿನ ಸುದ್ದಿ ಎತ್ತದೆ. ವಾಷಿಂಗ್ಟನ್ನಿನ ಬೋನ್ಸಾಯ್ ಸಂಗ್ರಹಾಲಯದವರಿಗೆ ಅದು ತಿಳಿದದ್ದು 2001ರಲ್ಲಿ, ಮೊಮ್ಮಕ್ಕಳು ಮರವನ್ನು ನೋಡಲು ಬಂದಾಗ.

ಉಚ್ಚಿಲದವರಿಗೆ ನಾನು ಹೇಳುವುದು ಗೋಳಿಯಿಂದ ಶುರು ಮಾಡಿ ಎಂದು. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಬೋನ್ಸಾಯ್ ತೋಟದಲ್ಲಿ ಆಲದ ಜಾತಿಯ ಮರಗಳನ್ನು ನೋಡಬಹುದು. ಅವು ನಮ್ಮ ಸೆಕೆಗೆ, ತೇವಕ್ಕೆ ಒಗ್ಗಿದವು. ತಪ್ಪಾಗಿ ಕತ್ತರಿಸಿದರೂ ಬೋಳು ಕಾಂಡದಿಂದ ಚಿಗುರುತ್ತವೆ, ಒದ್ದೆ ಗಾಳಿಗೆ ಬಿಳಲು ಬಿಡುತ್ತವೆ. ಹೆದ್ದಾರಿ ಅಗಲವಾದಾಗ ರಸ್ತೆ ಬದಿಯ ಎಷ್ಟೋ ಮರಗಳು ಹೋದವು. ಕೆಂಪುಕಲ್ಲಿನ ಹಳೆ ಪಾಗಾರದ ಬಿರುಕಿನಲ್ಲಿ ಮಾತ್ರ ಗೋಳಿಯ ಸಸಿ ಈಗಲೂ ತಾನಾಗಿ ಹುಟ್ಟುತ್ತದೆ. ಹೇಗೂ ಗೋಡೆ ಸೀಳುತ್ತದೆಂದು ಅದನ್ನು ಕಿತ್ತು ಎಸೆಯುತ್ತೀರಿ. ಮಳೆ ಹಿಡಿದ ಮೇಲೆ ಬೇರು ಹರಿಯದಂತೆ ಬಿಡಿಸಿ, ಅರ್ಧದಷ್ಟು ಎಲೆ ತೆಗೆದು, ಹಂಚಿನ ಚೂರು ತುಂಬಿದ ಅಗಲ ಚಟ್ಟಿಯಲ್ಲಿ ನೆಟ್ಟು ನೆರಳಿಗಿಡಿ. ತಂತಿಯನ್ನು ಮುಂದಿನ ವರ್ಷ ಆಟಿ ಕಳೆಯುವವರೆಗೆ ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಡಿ.